ಗಾಡಿಯ ನೆತ್ತಿಗೆ ಔಡಲೆಣ್ಣೆ

ಬೈಲಹೊಂಗಲದ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ನನ್ನದೊಂದು ಆಯಿಲ್ ಅಂಗಡಿ. ತೊಂಬತ್ತರ ದಶಕ ಅದರ ಸುವರ್ಣಯುಗ. ಆಗ ಮೋಟಾರ್ ಸೈಕಲ್ಲಿಗೆ ಆಯಿಲ್ ಆರಿಸುವುದು ಮಗಳಿಗೆ ವರ ಆರಿಸಿದಷ್ಟೇ ತೂಕದ ಕೆಲಸವಾಗಿತ್ತು. ವರನ ವಿಷಯದಲ್ಲಿ ಅಷ್ಟು ಯೋಚಿಸದವರೂ ಆಯಿಲ್ ವಿಷಯದಲ್ಲಿ ಯೋಚಿಸಿದ್ದನ್ನು ನಾನು ಕಂಡಿದ್ದೇನೆ. ಕಿತ್ತೂರಿನಿಂದ, ಸವದತ್ತಿಯಿಂದ ಬರುವ ಗಿರಾಕಿಗಳು ಡಬ್ಬಿಯ ಮೇಲೆ ಬರೆದದ್ದನ್ನು ಓದುತ್ತಿರಲಿಲ್ಲ. ಮುಚ್ಚಳ ತೆಗೆಸಿ, ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಬೆರಳುಗಳನ್ನು ನಿಧಾನವಾಗಿ ಅಗಲಿಸಿ, ಎಳೆ ಬರುತ್ತದೋ ಇಲ್ಲವೋ ನೋಡುತ್ತಿದ್ದರು. ಶೇಂಗಾ ಉಂಡಿಗೆ ಬೆಲ್ಲದ ಪಾಕ ನೋಡುವ ಕ್ರಮ ಅದು.

"ಇದರಾಗ ಜಿಗಿ ಸಾಲದ್ರಿ," ಎಂದು ಡಬ್ಬಿಯನ್ನು ನನ್ನ ಕಡೆ ಸರಿಸುತ್ತಿದ್ದರು.

"ಎಂಜಿನ್ನಿಗೆ ಹಾಕೂದ್ರಿ, ಉಂಡಿ ಕಟ್ಟೂದಲ್ಲ."

"ಉಂಡಿಗೇ ಜಿಗಿ ಬೇಕಂದ್ರ ಎಂಜಿನ್ನಿಗೆ ಬ್ಯಾಡೇನ್ರಿ?"

ಈ ವಾದಕ್ಕೆ ಉತ್ತರ ಕೊಡುವಷ್ಟು ನಾನು ಓದಿರಲಿಲ್ಲ. ಆದರೂ ನನ್ನದೊಂದು ತೈಲಶಾಸ್ತ್ರವಿತ್ತು. ಹಳೆಯ ಗಾಡಿಗೆ ಬೇಸಿಗೆಯಲ್ಲಿ ಐವತ್ತು ನಂಬರಿನ ದಪ್ಪ ಆಯಿಲ್, ಚಳಿಗಾಲಕ್ಕೆ ನಲವತ್ತು. ಹೊಸ ನಮೂನೆಯ, ತೊಳೆಯುವ ಗುಣವಿರುವ ಆಯಿಲನ್ನು ಹಳೆಯ ಎಂಜಿನ್ನಿಗೆ ಏಕಾಏಕಿ ಹಾಕಬಾರದು. ತಳದಲ್ಲಿ ವರ್ಷಗಟ್ಟಲೆ ತೆಪ್ಪಗೆ ಕುಳಿತ ಗಸಿಯನ್ನು ಅದು ಎಬ್ಬಿಸುತ್ತದೆ. ಎದ್ದ ಗಸಿ ಸುಮ್ಮನೆ ಹೊರಗೆ ಹೋಗುವುದಿಲ್ಲ, ಎಣ್ಣೆ ಹರಿಯುವ ಸಣ್ಣ ತೂತಿನಲ್ಲಿ ಹೋಗಿ ಕೂಡುತ್ತದೆ. ಆಮೇಲೆ ಎಂಜಿನ್ನು ಒಣಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬಿಚ್ಚಿ ತೊಳೆಯುವುದಾದರೆ ಪೂರ್ತಿ ತೊಳೆಯಿರಿ, ಇಲ್ಲವಾದರೆ ಹಳೆಯ ನಂಬರಿನಲ್ಲೇ ಸುಖವಾಗಿರಿ. ಇದನ್ನು ನಾನು ಗಲ್ಲಾದ ಹಿಂದೆ ಕುಳಿತು ಆಶೀರ್ವಚನದ ಧ್ವನಿಯಲ್ಲಿ ಹೇಳುತ್ತಿದ್ದೆ. ಜನ ಭಕ್ತಿಯಿಂದ ಕೇಳಿ, ಜಿಗಿ ಇರುವ ಡಬ್ಬಿಯನ್ನೇ ಒಯ್ಯುತ್ತಿದ್ದರು.

ನನ್ನ ಶಾಸ್ತ್ರಕ್ಕೆ ಬಹಿರಂಗವಾಗಿಯೇ ಮಣಿಯದ ಗಾಡಿ ನಮ್ಮ ಮನೆತನದಲ್ಲೇ ಇತ್ತು. ಅದು ಮನೋಳಿಯಲ್ಲಿದ್ದ ನನ್ನ ಅಕ್ಕನ ಗಂಡನದು. ನಾನು ಮಾಮಾ ಎಂದು ಕರೆಯುತ್ತಿದ್ದ ಅವರು ರಾಮದುರ್ಗದ ನೇಕಾರರಿಂದ ಸೀರೆ, ಖಣಗಳನ್ನು ತಂದು ಕಟಕೋಳ, ಸವದತ್ತಿ, ಬೈಲಹೊಂಗಲ, ಕಿತ್ತೂರಿನ ಅಂಗಡಿಗಳಿಗೆ ಮುಟ್ಟಿಸುತ್ತಿದ್ದರು. ಗಾಡಿ ಒಂದೇ ಸಿಲಿಂಡರಿನ ಹಳೆಯ ಫಟಫಟಿ. ಕಿತ್ತೂರಿನ ಕಡೆಯ ಯಾರದೋ ವಾಡೆಯಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಡುತ್ತಿದ್ದಾಗ ಮಾಮಾ ಅದನ್ನು ತಂದರಂತೆ. ಅದು ಎಷ್ಟು ಹಳೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ಮಾಮಾ, "ನನಗಿಂತ ದೊಡ್ಡದು, ಅದಕ್ಕ ನಾ ಅದಕ್ಕ ಎದುರ ಮಾತಾಡೂದಿಲ್ಲ," ಎನ್ನುತ್ತಿದ್ದರು.

ನಮ್ಮ ಕಡೆ ಅಮಾಸೆಗೆ ಗಾಡಿಗಳ ಪೂಜೆಯಾಗುತ್ತದೆ. ಲಿಂಬೆಹಣ್ಣು, ತೆಂಗಿನಕಾಯಿ, ಊದುಬತ್ತಿ. ಅಕ್ಕ ಇವುಗಳ ಜೊತೆ ಇನ್ನೊಂದು ಸೇವೆ ಸೇರಿಸಿದ್ದಳು. ಅಮಾಸೆಯ ಮುಂಜಾನೆ ಒಂದು ವಾಟಿ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತರುವಳು. ಅರ್ಧ ವಾಟಿಯನ್ನು ಮಾಮಾನನ್ನು ಕಟ್ಟೆಯ ಮೇಲೆ ಕೂಡಿಸಿ ನೆತ್ತಿಗೆ ತಟ್ಟಿ ತಟ್ಟಿ ಹಿಂಗಿಸುವಳು. ಉಳಿದ ಅರ್ಧವನ್ನು ಎಂಜಿನ್ನಿನ ಮೇಲ್ಭಾಗದ ಮುಚ್ಚಳ ತಿರುವಿ ಒಳಗೆ ಸುರಿಯುವಳು. ಅದು ಗಾಡಿಯ ನೆತ್ತಿ. ಬಿಸಿಲಲ್ಲಿ ತಿರುಗುವ ಎರಡೂ ನೆತ್ತಿಗಳಿಗೆ ತಂಪಾಗಬೇಕು ಎಂಬುದು ಅವಳ ಶಾಸ್ತ್ರ.

ಒಮ್ಮೆ ನಾನು ಅಲ್ಲೇ ಇದ್ದೆ. ವ್ಯಾಪಾರಿಯ ಆತ್ಮಸಾಕ್ಷಿ ಸುಮ್ಮನಿರಲಿಲ್ಲ.

"ಅಕ್ಕಾ, ಎಂಜಿನ್ನಿಗೆ ಔಡಲೆಣ್ಣಿ ಹಾಕಬಾರ್ದು. ಒಳಗ ಅಂಟ ಆಗತೈತಿ."

"ಮತ್ತ ನಿಮ್ಮ ಮಾಮಾರ ತಲಿ ಯಾಕ ಅಂಟ ಆಗಿಲ್ಲ?"

"ತಲಿ ಬ್ಯಾರೆ, ಎಂಜಿನ್ ಬ್ಯಾರೆ."

"ಎರಡೂ ಕಾಯತಾವು. ಎರಡೂ ಕೂಡೇ ಅಡ್ಡಾಡತಾವು. ಒಂದಕ್ಕ ತಂಪ ಮಾಡಿ ಇನ್ನೊಂದನ್ನ ಹಂಗ ಬಿಟ್ರ ಅದು ಸಿಟ್ಟಾಗೂದಿಲ್ಲೇನು?"

ಎಣ್ಣೆ ಕಿವಿಯವರೆಗೆ ಇಳಿಯುತ್ತಿದ್ದ ಮಾಮಾ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಸುಮ್ನಿರೋ ತಮ್ಮಾ. ಗಾಡಿ ಕೆಟ್ರ ಮೇಸ್ತ್ರಿ ಅದಾನ. ನಿಮ್ಮಕ್ಕನ ತಲಿ ಕೆಟ್ರ ಯಾರದಾರ?"

ಅಂಟು ಆಗಿಯೇ ಇತ್ತು. ಅದು ಹೊಗೆ ಬಿಡುವ ವಾಲ್ವಿನ ದಂಡಕ್ಕೆ ಮೆತ್ತಿಕೊಂಡದ್ದರಿಂದ ವಾಲ್ವು ಏರಿಳಿಯುವಾಗ ಆಗಾಗ ಸೋಮಾರಿತನ ತೋರಿಸುತ್ತಿತ್ತು. ಆಕ್ಸಿಲೇಟರ್ ಬಿಟ್ಟು ಗಾಡಿ ನಿಧಾನವಾದಾಗ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಧಡ್, ಧಡ್, ಟುಕ್. ಧಡ್, ಧಡ್, ಟುಕ್. ಊಟವಾದ ಮೇಲೆ ದೊಡ್ಡವರು ತೇಗಿದ ಹಾಗೆ. ಮಲಪ್ರಭೆಯ ಸೇತುವೆ ದಾಟಿ ಊರಿನ ಕಡೆ ತಿರುವುವಲ್ಲಿ ಎಲ್ಲರೂ ಆಕ್ಸಿಲೇಟರ್ ಬಿಡುತ್ತಾರೆ. ಮಾಮಾ ಬಿಟ್ಟಾಗ ಆ ಟುಕ್ ಹೊಳೆಯ ಗಾಳಿಯ ಜೊತೆ ಅಕ್ಕನ ಅಡುಗೆಮನೆಗೆ ಬರುತ್ತಿತ್ತು. ಅದು ಕೇಳಿದೊಡನೆ ಅವಳು ಒಲೆಯ ಮೇಲೆ ಹಂಚು ಇಡುವಳು. ಸೇತುವೆಯಿಂದ ಮನೆಗೆ ಬಂದು, ಗಂಟು ಇಳಿಸಿ, ಕೈಕಾಲು ತೊಳೆಯುವಷ್ಟರಲ್ಲಿ ಹಂಚು ಕಾದು ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಮಾಮಾ ತಣ್ಣಗಿನ ರೊಟ್ಟಿ ತಿಂದದ್ದನ್ನು ನಾನು ನೋಡಿಲ್ಲ. ಗಂಡ ಹೆಂಡತಿ ಮಾತಾಡಿದ್ದನ್ನೂ ಹೆಚ್ಚು ನೋಡಿಲ್ಲ. ಮಾತಿನ ಕೆಲಸವನ್ನು ವಾಲ್ವೇ ಮಾಡಿ ಮುಗಿಸುತ್ತಿತ್ತು.

ತೊಂಬತ್ತರ ದಶಕದ ನಡುವೆ ಒಂದು ದಿನ ಮಾಮಾ ರಾಮದುರ್ಗದ ನೇಕಾರರೊಬ್ಬರ ಮನೆಯಲ್ಲಿ ಸೀರೆಯ ಗಂಟು ಕಟ್ಟುತ್ತಾ ಕುಳಿತವರು ಹಾಗೆಯೇ ಗಂಟಿನ ಮೇಲೆ ಒರಗಿದರು. ಮತ್ತೆ ಏಳಲಿಲ್ಲ. ಅವರನ್ನು ತರಲು ಜೀಪು ಹುಡುಕುವಷ್ಟರಲ್ಲಿ, ಮನೆಗೆ ಸುದ್ದಿ ಮುಟ್ಟಿಸಬೇಕೆಂದು ಆ ನೇಕಾರರೇ ಮಾಮಾನ ಗಾಡಿ ಹತ್ತಿ ಮನೋಳಿಗೆ ಹೊರಟರು. ಸೇತುವೆಯ ಹತ್ತಿರ ಅವರೂ ಆಕ್ಸಿಲೇಟರ್ ಬಿಟ್ಟರು.

ಅವರು ಅಂಗಳದಲ್ಲಿ ಇಳಿದು ಮಾತು ಹುಡುಕುತ್ತಾ ನಿಂತಾಗ ಅಕ್ಕ ಒಳಗಿನಿಂದ ಕೂಗಿದಳಂತೆ: "ಕೈಕಾಲ ತೊಳಕೋರಿ, ಹಂಚ ಇಟ್ಟೇನಿ."

ಇದನ್ನು ನನಗೆ ಹೇಳಿದವರು ಆ ನೇಕಾರರು. ಅಕ್ಕ ಹೇಳಲಿಲ್ಲ.

ಗಾಡಿ ಪಡಸಾಲೆಯ ಮೂಲೆ ಸೇರಿತು. ಮನೆಯ ಇನ್ನೊಂದು ಅರ್ಧದಲ್ಲಿ ಮೈದುನನ ಸಂಸಾರ. ಅವನು ಒಳ್ಳೆಯ ಮನುಷ್ಯ, ಆದರೆ ಜಾಗದ ಹಸಿವು. "ವೈನಿ, ಗುಜರಿಗೆ ಹಾಕ್ರಿ ಅದನ್ನ, ಜ್ವಾಳದ ಚೀಲ ಇಡಾಕ ಜಾಗಾ ಆಗತೈತಿ," ಎಂದು ಒಮ್ಮೆ ಹೇಳಿದ. ಅಕ್ಕ, "ಅದೂ ಮನ್ಯಾನ ಹಿರ್ಯಾನಪಾ. ಮೊದಲ ಅದನ್ನ ಕೇಳು, ಹೂಂ ಅಂದ್ರ ಒಯ್ಯಿ," ಎಂದಳು. ಅವನು ಗಾಡಿಯನ್ನು ಕೇಳಲಿಲ್ಲ.

ಅಮಾಸೆಯ ಪೂಜೆ ನಿಲ್ಲಲಿಲ್ಲ. ವಾಟಿಯ ಅಳತೆಯೂ ಬದಲಾಗಲಿಲ್ಲ. ಅರ್ಧಕ್ಕೆ ನೆತ್ತಿ ಇಲ್ಲದ್ದರಿಂದ ಇಡೀ ವಾಟಿ ಗಾಡಿಗೇ ಹೋಗತೊಡಗಿತು.

ಹಾಗೆ ಕೆಲವು ವರ್ಷಗಳು ಹೋದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಕ್ಕನ ಕಿವಿ ಮಂದವಾಗುತ್ತಾ ಬಂತು. ಮೊದಲು ಬಾಗಿಲು ಬಡಿದದ್ದು ಕೇಳದಾಯಿತು, ಆಮೇಲೆ ಹಾಲಿನವನ ಕೂಗು. ಬೆಳಗಾವಿಯ ವೈದ್ಯರಿಗೆ ತೋರಿಸಿದೆ. ಕಿವಿಯ ನರವೇ ಸೋಲುತ್ತಿದೆ, ಮಷೀನು ಹಾಕಿದರೂ ಹೆಚ್ಚು ಉಪಯೋಗವಿಲ್ಲ, ಕೇಳಿಸುವಷ್ಟು ದಿನ ಕೇಳಿಸುತ್ತದೆ ಎಂದರು. ಇದನ್ನು ನಾನು ಅಕ್ಕನಿಗೆ ಜೋರಾಗಿ ಹೇಳಬೇಕಾಯಿತು. ಅಷ್ಟು ಜೋರಾಗಿ ಹೇಳುವ ಸುದ್ದಿ ಅದಾಗಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ, ಬೈಲಹೊಂಗಲ ಹತ್ತಿರ ಬಂದಾಗ ಹೇಳಿದಳು: "ತಮ್ಮಾ, ಪೂರಾ ಹೋಗೂದ್ರಾಗ ಒಮ್ಮಿ ಅವರ ಗಾಡಿ ಚಾಲೂ ಮಾಡಿಸಿಕೊಡು. ಸೇತುವಿ ಕಡಿಂದ ಬರಬೇಕು. ನಾ ಒಳಗ ಕುಂತಿರತೇನಿ."

ತನ್ನ ಜೀವಮಾನದಲ್ಲಿ ಅವಳು ನನ್ನಿಂದ ಏನನ್ನೂ ಕೇಳಿರಲಿಲ್ಲ. ಕೇಳಿದ್ದು ನನ್ನ ವಿದ್ಯೆಯ ಸರಹದ್ದಿನಲ್ಲೇ ಇದೆಯಲ್ಲ ಎಂದು ನನಗೆ ಸಂತೋಷವೇ ಆಯಿತು.

ಗಾಡಿಯನ್ನು ಟ್ರ್ಯಾಕ್ಟರಿನಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳ ನಡುವೆ ಮಲಗಿಸಿ ಬೈಲಹೊಂಗಲಕ್ಕೆ ತಂದೆವು. ನನ್ನ ಅಂಗಡಿಯ ಹಿಂದೆಯೇ ಮೇಸ್ತ್ರಿಯ ಗ್ಯಾರೇಜು. ಇವನ ಬಾಯಿಗೆ ಸೈಲೆನ್ಸರ್ ಇರಲಿಲ್ಲ. ತಾನು ಮುಟ್ಟಿದರೆ ಬೀಸುವ ಕಲ್ಲೂ ಕಿಕ್ ಹೊಡೆದರೆ ಚಾಲೂ ಆಗುತ್ತದೆ ಎಂದು ನಂಬಿದವನು. ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ, ಬಗ್ಗಿ ನೋಡಿ, ಮೂಗು ಹಿಡಿದುಕೊಂಡು ಎದ್ದ.

"ಏನ್ರಿ ಸಾವಕಾರ್ರ, ಇದು ಎಂಜಿನ್ನೋ, ಉಪ್ಪಿನಕಾಯಿ ಭರಣಿನೋ?"

"ಔಡಲೆಣ್ಣಿ ಹಾಕ್ಯಾರ."

"ಯಾರು? ವೈರಿಗೋಳೇನ್ರಿ?"

"ನಮ್ಮಕ್ಕ."

ಮೇಸ್ತ್ರಿ ತಕ್ಷಣ ಮುಖ ಗಂಭೀರ ಮಾಡಿ, "ಹಂಗಾರ ಚಲೋ ಔಡಲೆಣ್ಣಿನ ಇರಬೇಕು ಬಿಡ್ರಿ," ಎಂದ.

ನಾನೂ ಬಗ್ಗಿ ನೋಡಿದೆ. ತಳದಲ್ಲಿ ಮಾಮಾ ಓಡಿಸುತ್ತಿದ್ದ ಕಾಲದ ಕರಿ ಗಸಿ, ಕಬ್ಬಿನ ಗದ್ದೆಯ ಕೆಸರಿನ ಹಾಗೆ ಗಟ್ಟಿ. ಅದರ ಮೇಲೆ ಮಾಮಾ ಇಲ್ಲದ ವರ್ಷಗಳ ಔಡಲೆಣ್ಣೆ, ಹೆಚ್ಚಾದದ್ದು ಸಂದುಗಳಿಂದ ಸೋರಿಹೋಗಿ ಉಳಿದಷ್ಟು. ಓಡದ ಎಂಜಿನ್ನಿನಲ್ಲಿ ಸುಡದೆ, ಬೆರೆಯದೆ, ಜೇನಿನ ಬಣ್ಣಕ್ಕೆ ಬಂದು ನಿಂತಿತ್ತು. ಎರಡರ ನಡುವಿನ ಗೆರೆ ಎಷ್ಟು ನೇರವಾಗಿತ್ತೆಂದರೆ ಮಾಮಾ ಹೋದ ದಿನ ಯಾವುದೆಂದು ಬೆರಳಿಟ್ಟು ತೋರಿಸಬಹುದಿತ್ತು. ಮೇಸ್ತ್ರಿ ಕಟ್ಟಿಗೆಯ ಚಕ್ಕೆ ತಗೊಂಡು ಎರಡನ್ನೂ ಒಂದೇ ಕಬ್ಬಿಣದ ಬುಟ್ಟಿಗೆ ಕೆರೆದು ಹಾಕಿದ.

ತೊಳೆಯುವ ಕೆಲಸ ಮೇಸ್ತ್ರಿಯ ಅಹಂಕಾರವನ್ನು ಸ್ವಲ್ಪ ಪರೀಕ್ಷಿಸಿತು. ಸಾಮಾನ್ಯ ಗಸಿಯಾದರೆ ಚಿಮಣಿ ಎಣ್ಣೆಯಲ್ಲಿ ನೆನೆಯಿಟ್ಟರೆ ಬಿಡುತ್ತದೆ. ಔಡಲದ ಅಂಟು ಚಿಮಣಿ ಎಣ್ಣೆಗೆ ಜಗ್ಗಲಿಲ್ಲ, ಡೀಸೆಲಿಗೆ ಜಗ್ಗಲಿಲ್ಲ. ಕಡೆಗೆ ಬಡಗಿಗಳು ಪಾಲಿಶಿಗೆ ಬಳಸುವ ಸ್ಪಿರಿಟ್ ತಂದು ಒರೆಸಿದಾಗ ಕರಗಿ ಇಳಿಯಿತು. ಕಬ್ಬಿಣದ ಚೂಪು ಸಾಮಾನು ಮುಟ್ಟಿಸಬೇಡ, ಗೀರು ಬೀಳುತ್ತದೆ ಎಂದು ನಾನು ಪಕ್ಕದಲ್ಲೇ ಸ್ಟೂಲು ಹಾಕಿ ಕುಳಿತೆ. ಎಣ್ಣೆಯ ದಾರಿಗಳಲ್ಲಿ ತಂತಿ ಆಡಿಸಿ ಗಾಳಿ ಊದಿದೆವು. ಎಳೆ ಬಿಡದ ಹಳೆಯ ಧೋತರದಲ್ಲಿ ಒಳಗೆಲ್ಲಾ ಒರೆಸಿದೆವು. ವಾಲ್ವಿನ ದಂಡವನ್ನು ಮೇಸ್ತ್ರಿ ತಿಕ್ಕಿ ತಿಕ್ಕಿ, ಮದುಮಗನ ಉಂಗುರದ ಹಾಗೆ ಹೊಳೆಯಿಸಿ, ಬೆಳಕಿಗೆ ಹಿಡಿದು ತೋರಿಸಿದ.

ಆಮೇಲೆ ಆಯಿಲ್ ಆರಿಸುವ ಮಹಾಸಭೆ. ಹಾಜರಿದ್ದವರು ನಾನು, ಮೇಸ್ತ್ರಿ ಮತ್ತು ಮೂರು ಡಬ್ಬಿ. ಅವನು ಹಳೆಯ ಐವತ್ತರ ಪರ. ನಾನು ಹೊಸ ನಮೂನೆಯದರ ಪರ: ಗಸಿ ಪೂರ್ತಿ ಹೋಗಿರುವುದರಿಂದ ಇನ್ನು ಎಬ್ಬಿಸುವುದಕ್ಕೆ ಏನೂ ಉಳಿದಿಲ್ಲ, ಒಳಗೆ ಇನ್ನೆಂದೂ ಗಸಿ ಕೂಡದಂತೆ ಇದೇ ನೋಡಿಕೊಳ್ಳುತ್ತದೆ. ಚಹಾ ಬಂದ ಮೇಲೆ ನನ್ನ ಠರಾವು ಸರ್ವಾನುಮತದಿಂದ ಪಾಸಾಯಿತು. ಕಿಕ್ ಹೊಡೆದಾಗ ಗಾಡಿ ಚಾಲೂ ಆದ ರೀತಿಗೆ ಪಕ್ಕದ ಪಂಕ್ಚರ್ ಅಂಗಡಿಯವರೂ ಎದ್ದು ಬಂದರು. ಧಡ್ ಧಡ್ ಧಡ್ ಧಡ್. ಒಂದು ಅಕ್ಷರ ತಪ್ಪಿಲ್ಲ. ಹೊಗೆ ಇಲ್ಲ, ವಾಸನೆ ಇಲ್ಲ.

"ಹೊಸಾ ಗಾಡಿ ನಾಚಬೇಕ್ರಿ," ಎಂದ ಮೇಸ್ತ್ರಿ.

ಮುಂದಿನ ದಿನ ಅಕ್ಕನಿಗೆ ಮೊದಲೇ ಸುದ್ದಿ ಕಳಿಸಿ, ಗಾಡಿ ಹತ್ತಿ ಮನೋಳಿಗೆ ಹೊರಟೆ. ಬೇಕೆಂದೇ ಸವದತ್ತಿಯ ಮೇಲೆ ಹಾದು, ಅವಳು ಹೇಳಿದ ಹಾಗೆ ಸೇತುವೆಯ ಕಡೆಯಿಂದ ಬಂದೆ. ತಿರುವಿನಲ್ಲಿ ಆಕ್ಸಿಲೇಟರ್ ಬಿಟ್ಟೆ. ಎಂಜಿನ್ನು ಸಾಲಿಯ ಹುಡುಗರು ಮಗ್ಗಿ ಒಪ್ಪಿಸಿದ ಹಾಗೆ ನೇರವಾಗಿ ಬಡಿಯಿತು. ಹೆಮ್ಮೆಯಿಂದ ನನ್ನ ಕತ್ತು ಅರ್ಧ ಇಂಚು ಉದ್ದವಾಗಿರಬೇಕು.

ಅಂಗಳದಲ್ಲಿ ಗಾಡಿ ನಿಲ್ಲಿಸಿ ಒಳಗೆ ಹೋದೆ. ಅಕ್ಕ ಒಲೆಯ ಮುಂದೆ ಕುಳಿತಿದ್ದಳು. ತಲೆ ತೊಳೆದು ಒಳ್ಳೆಯ ಸೀರೆ ಉಟ್ಟಿದ್ದಳು. ಕಿವಿ ಕಿಟಕಿಯ ಕಡೆ. ಹಂಚು ಗೋಡೆಗೆ ಒರಗಿಸಿಟ್ಟಿತ್ತು. ಒಲೆ ಉರಿಯುತ್ತಿತ್ತು, ಅದರ ಮೇಲೆ ಏನೂ ಇರಲಿಲ್ಲ.

"ಅಯ್ಯ, ಯಾವಾಗ ಬಂದ್ಯೋ?" ಎಂದಳು.

"ಈಗ ಬಂದೆ. ಕೇಳ್ಸಲಿಲ್ಲೇನು?" ನಾನು ಕೂಗಿಯೇ ಕೇಳಿದೆ.

"ಇನ್ನೂ ಅಷ್ಟ ಕಿವುಡಿ ಆಗಿಲ್ಲೋ. ಯಾರದೋ ಗಾಡಿ ಬಂದದ್ದು ಕೇಳಿಸ್ತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳಿಗೆ ಆಗಲೇ ಆಗಿತ್ತು. ಎದ್ದು ಬಾಗಿಲಿಗೆ ಬಂದು ಗಾಡಿಯನ್ನು ನೋಡಿದಳು. ನಾನು ಮತ್ತೆ ಚಾಲೂ ಮಾಡಿದೆ. ಸೆರಗನ್ನು ಕಿವಿಯ ಹಿಂದೆ ಸರಿಸಿ, ಬಹಳ ಶ್ರದ್ಧೆಯಿಂದ, ನೆಂಟರ ಹುಡುಗಿ ಹಾಡು ಹೇಳುವಾಗ ಕೇಳುವ ಹಾಗೆ ಕೇಳಿದಳು.

"ಚಲೋ ಆಗೇತಿ ತಮ್ಮಾ. ಭಾಳ ಚಲೋ ಆಗೇತಿ," ಎಂದಳು. "ಆದ್ರ ಟುಕ್ ಎಲ್ಲಿ ಹೋತು?"

ಟುಕ್ ಬೈಲಹೊಂಗಲದ ಗ್ಯಾರೇಜಿನ ಬುಟ್ಟಿಯಲ್ಲಿತ್ತು. ಅಷ್ಟೊತ್ತಿಗೆ ಅದನ್ನು ನಾಲೆಗೆ ಚೆಲ್ಲಿಯೂ ಆಗಿತ್ತು.

ಆಮೇಲಿನ ವಾರಗಳು ಮೇಸ್ತ್ರಿಯ ಬಾಳಿನಲ್ಲಿ ಅವಮಾನದ ವಾರಗಳು. ನಾನು ಅವನ ಮುಂದೆ ಕುಳಿತು ಅಕ್ಕ ಹೇಳಿಕೊಟ್ಟ ಹಾಗೆಯೇ ಧಡ್ ಧಡ್ ಟುಕ್ ಎಂದು ಬಾಯಿಯಿಂದ ಹೇಳಿ ತೋರಿಸಿದೆ. ಅವನು ವಾಲ್ವನ್ನು ಒತ್ತುವ ಟ್ಯಾಪೆಟ್ ಸಡಿಲ ಮಾಡಿದ. ಟಕ್ ಟಕ್ ಎಂಬ ಸಪ್ಪಳ ಬಂತು, ಆದರೆ ಪ್ರತಿ ಸಲವೂ ಬಂತು. ಕಿಡಿ ಹಾರುವ ಟೈಮಿಂಗ್ ಹಿಂದೆ ಮುಂದೆ ಮಾಡಿದ. ಗಾಡಿ ಕೆಮ್ಮಿತು. ಪ್ರತಿಯೊಂದು ಪ್ರಯೋಗವನ್ನೂ ನಾನು ಮನೋಳಿಗೆ ಒಯ್ದು ಸೇತುವೆಯ ಮೇಲೆ ನುಡಿಸಿ ಬಂದೆ. ಅಕ್ಕ ಒಳಗೆ ಕುಳಿತು ಕೇಳಿ, ತಲೆ ಅಲ್ಲಾಡಿಸುವಳು.

"ಟುಕ್ ಬಂತು. ಆದ್ರ ಅದರ ಜಾಗಾ ತಪ್ಪೇತಿ."

ಮುಂದಿನ ಸಲ: "ಇದು ಬ್ಯಾಡ ಬಿಡು. ಕಂಚಗಾರರ ಓಣ್ಯಾಗ ನಿಂತಂಗ ಆಗತೈತಿ."

ಕಡೆಗೆ ಮೇಸ್ತ್ರಿ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಕೈಮುಗಿದ. "ಸಾವಕಾರ್ರ, ಕೆಟ್ಟದ್ದನ್ನ ಚಲೋ ಮಾಡೂದು ನಮ್ಮ ಉಸ್ತಾದರು ಕಲಿಸ್ಯಾರ. ಚಲೋ ಇದ್ದದ್ದನ್ನ ಅಳತಿ ಹಿಡದು ಕೆಡಸೂದು ಕಲಿಸಿಲ್ರಿ. ಅದು ಮನ್ಯಾನವರ ಕೈಯಿಂದನ ಆಗಬೇಕು."

ಅವನು ಬೇಸರದಿಂದ ಅಂದದ್ದು. ನನಗೆ ಬೇರೆ ದಾರಿ ಇರಲಿಲ್ಲವಾದ್ದರಿಂದ ಅದನ್ನೇ ಹಿಡಿದೆ. ಹೊಸ ಆಯಿಲ್ ಇಳಿಸಿ, ಹಳೆಯ ಐವತ್ತು ನಂಬರಿನದು ತುಂಬಿಸಿದೆ. ಬಂದ ಅಮಾಸೆಗೆ ಮನೋಳಿಗೆ ಹೋಗಿ ಅಕ್ಕನ ಮುಂದೆ ಗಾಡಿ ನಿಲ್ಲಿಸಿದೆ. ಔಡಲೆಣ್ಣೆಯ ವಿರುದ್ಧ ಅಷ್ಟು ವರ್ಷ ಪ್ರವಚನ ಮಾಡಿದ ಕೈಯಿಂದಲೇ ಎಂಜಿನ್ನಿನ ಮುಚ್ಚಳ ತಿರುವಿ ತೆಗೆದು, ಪೂಜಾರಿಯ ಹಾಗೆ ಪಕ್ಕಕ್ಕೆ ಸರಿದು ನಿಂತೆ.

"ಹಾಕಕ್ಕಾ," ಎಂದೆ.

"ಅಂಟ ಆಗತೈತಿ ಅಂತಿದ್ಯಲ್ಲೋ?"

"ಆಗಲಿ ಅಂತನ."

ಅವಳು ವಾಟಿ ಬಗ್ಗಿಸಿದಳು. ಅರ್ಧ ಸುರಿದು ನಿಲ್ಲಿಸಿದಳು. ವಾಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ "ಬಾ, ಕೂಡು ಇಲ್ಲೆ," ಎಂದು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಉಳಿದದ್ದನ್ನು ನನ್ನ ನೆತ್ತಿಗೆ ತಟ್ಟಿದಳು. ನನ್ನ ತಲೆಯಲ್ಲಿ ಆಗ ಕೂದಲು ಹೆಚ್ಚು ಉಳಿದಿರಲಿಲ್ಲ. ಎಣ್ಣೆ ಸೀದಾ ಕಣ್ಣಿಗಿಳಿಯಿತು. ಅದು ನನಗೆ ಅನುಕೂಲವೇ ಆಯಿತು.

ಅಲ್ಲಿಂದ ಗಾಡಿ ನನ್ನ ದಿನದ ಗಾಡಿಯಾಯಿತು. ಅಂಟು ಕೂಡಬೇಕಾದರೆ ಎಂಜಿನ್ನು ಕಾಯಬೇಕು, ಕಾಯಬೇಕಾದರೆ ಓಡಬೇಕು. ಕೆಲಸವಿಲ್ಲದಿದ್ದರೂ ಕಿತ್ತೂರಿಗೆ ಹೋದೆ, ಹೂಲಿಗೆ ಹೋದೆ, ಮಟಮಟ ಮಧ್ಯಾಹ್ನದಲ್ಲಿ ರಾಮದುರ್ಗದವರೆಗೆ ಹೋಗಿ ಚಹಾ ಕುಡಿದು ಬಂದೆ. ಆಯಿಲ್ ವ್ಯಾಪಾರಿ ತನ್ನ ಎಂಜಿನ್ನಿನಲ್ಲಿ ಗಸಿ ಬೆಳೆಯಲೆಂದು ಬಿಸಿಲಿನಲ್ಲಿ ತಿರುಗುತ್ತಿರುವುದು ಗಿರಾಕಿಗಳಿಗೆ ಗೊತ್ತಾಗಿದ್ದರೆ ಅಂಗಡಿ ಅಂದೇ ಮುಚ್ಚಬೇಕಾಗುತ್ತಿತ್ತು. ಹೋದಲ್ಲೆಲ್ಲಾ ಆಕ್ಸಿಲೇಟರ್ ಬಿಟ್ಟು ಕೇಳುತ್ತಿದ್ದೆ. ಧಡ್ ಧಡ್ ಧಡ್ ಧಡ್. ಮೇಸ್ತ್ರಿ ಅಷ್ಟು ಚೆನ್ನಾಗಿ ತಿಕ್ಕಿದ್ದ.

ಅಂಟು ಒಂದು ಕಡೆಯಿಂದ ಬರುತ್ತಿತ್ತು, ಅಕ್ಕನ ಕಿವಿ ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಒಂದು ಅಮಾಸೆ ನಾನು ಕೂಗಿದರೆ ತಿರುಗುತ್ತಿದ್ದಳು. ಒಂದು ಅಮಾಸೆ ಭುಜ ಮುಟ್ಟಬೇಕಾಯಿತು. ಆಮೇಲೆ ನನ್ನ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಳು. ಗಾಡಿಯ ವಿಷಯ ಅವಳಾಗಿ ಎತ್ತಲಿಲ್ಲ. ವಾಟಿ ಮಾತ್ರ ತಪ್ಪದೆ ಬರುತ್ತಿತ್ತು, ಅರ್ಧ ಅದಕ್ಕೆ, ಅರ್ಧ ನನಗೆ.

ಅದು ಬಂದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಸವದತ್ತಿಯಿಂದ ಬರುತ್ತಿದ್ದೆ. ಸುಟ್ಟ ಔಡಲೆಣ್ಣೆಯ ಸಿಹಿ ವಾಸನೆ ಕೆಲವು ದಿನಗಳಿಂದಲೇ ಹೊಗೆಯಲ್ಲಿ ಬರುತ್ತಿತ್ತು. ಸೇತುವೆಯ ತಿರುವಿನಲ್ಲಿ ಅಭ್ಯಾಸದಂತೆ ಆಕ್ಸಿಲೇಟರ್ ಬಿಟ್ಟೆ. ಧಡ್, ಧಡ್, ಟುಕ್.

ನಾನು ಮನೆಯವರೆಗೆ ಹಾಗೆಯೇ ನಿಧಾನವಾಗಿ ಬಂದೆ, ಜೋರು ಮಾಡಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು. ಅಂಗಳದಲ್ಲಿ ಗಾಡಿಯನ್ನು ಚಾಲೂ ಇಟ್ಟೇ ಒಳಗೆ ಓಡಿದೆ. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಹೊರಗೆ ಅಷ್ಟು ಹತ್ತಿರ ಅದು ಬಡಿಯುತ್ತಿತ್ತು. ಅವಳ ಕೈ ಅವಸರವಿಲ್ಲದೆ ಒಂದೊಂದೇ ಕಾಯಿ ಒಡೆಯುತ್ತಿತ್ತು.

ಭುಜ ಮುಟ್ಟಿದೆ. ತಿರುಗಿ ನನ್ನ ಮುಖ ನೋಡಿ ಎದ್ದಳು. ಅಂಗಳಕ್ಕೆ ಬಂದು, ವಾಸನೆ ಹಿಡಿದು, ಗಾಡಿಯ ಟ್ಯಾಂಕಿನ ಮೇಲೆ ಅಂಗೈ ಇಟ್ಟಳು. ಆಮೇಲೆ ನನ್ನ ತುಟಿಯ ಮೇಲೆ ಕಣ್ಣಿಟ್ಟು ಕೇಳಿದಳು:

"ಬಂತೇನೋ? ಅದ ಐತೇನು?"

ನಾನು ಎಷ್ಟೋ ವರ್ಷ ಎಂಜಿನ್ನುಗಳ ಸಪ್ಪಳ ಕೇಳಿ ಆಯಿಲ್ ಮಾರಿದವನು. ವಾಲ್ವು ಹಿಡಿಯುವ ಸಪ್ಪಳ ಇದು ಹೌದು ಎಂದು ಯಾವ ಕಟ್ಟೆಯ ಮೇಲೆ ಬೇಕಾದರೂ ಹೇಳಬಲ್ಲೆ. ಆದರೆ ಅವಳು ಕೇಳಿದ್ದು ಅದನ್ನಲ್ಲ. ಮಾಮಾ ಇದ್ದಾಗ ಆ ಸಪ್ಪಳವನ್ನು ನಾನು ದೋಷವೆಂದಷ್ಟೇ ಕೇಳಿದ್ದೆ. ಟುಕ್ ಇನ್ನೊಂದು ಕೂದಲೆಳೆ ಮುಂದೆ ಇತ್ತೋ, ಹಿಂದೆ ಇತ್ತೋ, ತೀರ್ಪು ಕೊಡಬಲ್ಲ ಕಿವಿ ಈ ತಾಲೂಕುಗಳಲ್ಲೆಲ್ಲಾ ಒಂದೇ ಇತ್ತು, ಅದು ನನ್ನ ಬಾಯಿ ನೋಡುತ್ತಾ ನಿಂತಿತ್ತು.

"ಅದ ಐತಿ ಅಕ್ಕಾ," ಎಂದೆ. ತುಟಿ ಸ್ಪಷ್ಟವಾಗಿ ಕಾಣುವ ಹಾಗೆ ಇನ್ನೊಮ್ಮೆ ಹೇಳಿದೆ. "ಅದ ಐತಿ."

"ನೋಡ, ಮತ್ತ," ಎಂದಳು.

ಟ್ಯಾಂಕಿನಿಂದ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, ಅಕ್ಕ ಹಂಚು ಇಡಲು ಒಳಗೆ ಹೋದಳು.